604 ಕಿಲೋಮೀಟರ್ ಎಲ್ಲಿ ಹೋಯಿತು: ಬಳ್ಳಾರಿಯ ಒಂದು ಸೈಕಲ್ ಗುಂಪಿನ ವರ್ಷದ ಲೆಕ್ಕ

ಇದು ನಮ್ಮ ಗುಂಪಿನಲ್ಲೇ ಆದ ಪ್ರಕರಣ. ಯಾರ ಹೆಸರನ್ನೂ ಬರೆದಿಲ್ಲ, ಒಂದಿಬ್ಬರ ಕೆಲಸವನ್ನೂ ಬದಲಿಸಿದ್ದೇನೆ. ತಪ್ಪು ಮಾಡಿದವರಲ್ಲಿ ಮೊದಲನೆಯವನು ನಾನೇ. ಹಾಗಾಗಿ ಬೇರೆಯವರ ಮರ್ಯಾದೆ ತೆಗೆಯುತ್ತಿದ್ದಾನೆ ಅಂತ ಯಾರೂ ಅಂದುಕೊಳ್ಳಬೇಕಿಲ್ಲ.

ಹಿನ್ನೆಲೆ

ನಾವು ಹನ್ನೊಂದು ಜನ. ಬೆಳಿಗ್ಗೆ ಐದಕ್ಕೆ ಬಳ್ಳಾರಿ ಬಿಟ್ಟು ಬಿಸಿಲು ಏರುವಷ್ಟರಲ್ಲಿ ಮನೆ ಸೇರುವ ಗುಂಪು. ಭಾನುವಾರ ಬಂತೆಂದರೆ ಕುರುಗೋಡು ಇಲ್ಲವೇ ಸಿರುಗುಪ್ಪದ ದಾರಿ, ಮೈಯಲ್ಲಿ ಶಕ್ತಿ ಇದ್ದರೆ ಸಂಡೂರು. ಹೊಸಪೇಟೆ ರಸ್ತೆಗೆ ನಾವು ಜಾಸ್ತಿ ಹೋಗುವುದಿಲ್ಲ. ಕುಡತಿನಿ, ತೋರಣಗಲ್ಲು ಕಡೆ ಲಾರಿಗಳ ಸಾಲು ಹೇಗಿರುತ್ತದೆ ಅಂತ ಈ ಭಾಗದವರಿಗೆ ಹೇಳಬೇಕಾಗಿಲ್ಲ. ಮುಂಗಾರು ಶುರುವಾದರೆ ಪಡುವಣ ಗಾಳಿ ಬೇರೆ, ಹೋಗುವಾಗ ಎದೆಗೆ ಗುದ್ದುತ್ತದೆ, ಬರುವಾಗ ಬೆನ್ನು ತಳ್ಳುತ್ತದೆ. ರಸ್ತೆ ಪಕ್ಕದ ಬಳ್ಳಾರಿ ಜಾಲಿಯ ಮುಳ್ಳು ಮಾತ್ರ ಹನ್ನೆರಡು ತಿಂಗಳೂ ಇರುತ್ತದೆ. ಪಂಕ್ಚರ್ ಆಗದೆ ಮನೆಗೆ ಬಂದ ತಿಂಗಳು ನನಗೆ ನೆನಪಿಲ್ಲ.

ವರ್ಷದ ಕೊನೆಯಲ್ಲಿ "ನಿಂದೆಷ್ಟಾಯಿತು, ನಂದಿಷ್ಟಾಯಿತು" ಅನ್ನುವ ಮಾತು ಮೊದಲಿನಿಂದಲೂ ಇತ್ತು. ಟಿಫಿನ್ ಹೊತ್ತಿನಲ್ಲಿ ವಗ್ಗಾಣಿ ಮಿರ್ಚಿ ತಿನ್ನುತ್ತಾ ಆಡುವ ಮಾತು, ಅಷ್ಟೇ. ಎರಡು ವರ್ಷದ ಹಿಂದೆ ನಾನು ಅದನ್ನು ಎಕ್ಸೆಲ್‌ಗೆ ಇಳಿಸಿದೆ. ಪ್ರತಿ ಭಾನುವಾರ ರಾತ್ರಿ ಎಲ್ಲರೂ ತಮ್ಮ ತಮ್ಮ ಒಟ್ಟು ಕಿಲೋಮೀಟರ್ ಕಳಿಸುವುದು, ನಾನು ಮೇಲಿನಿಂದ ಕೆಳಗೆ ಜೋಡಿಸಿ ಗುಂಪಿಗೆ ಹಾಕುವುದು. ಯಾವುದನ್ನು ಎಣಿಸಬೇಕು, ಯಾವುದರಿಂದ ಅಳೆಯಬೇಕು ಅಂತ ಒಂದು ಮಾತೂ ಆಡಿರಲಿಲ್ಲ. ಕಿಲೋಮೀಟರ್ ಅಂದರೆ ಕಿಲೋಮೀಟರ್, ಅದರಲ್ಲಿ ಮಾತಾಡುವುದೇನಿದೆ ಅಂತ ಅಂದುಕೊಂಡಿದ್ದೆವು.

ಪ್ರಕರಣಕ್ಕೆ ಬೇಕಾದವರು ನಾಲ್ಕು ಜನ. ಒಬ್ಬರು ಅರವತ್ತು ದಾಟಿದವರು, ಜೀವನಪೂರ್ತಿ ಲೆಕ್ಕದ ಕೆಲಸ ಮಾಡಿ ನಿವೃತ್ತರಾದವರು. ಅವರನ್ನು ಯಜಮಾನರು ಅನ್ನೋಣ. ಇನ್ನೊಬ್ಬ ಬ್ಯಾಂಕಿನ ಹುಡುಗ. ಮತ್ತೊಬ್ಬರು ಪಾಳಿಯಲ್ಲಿ ದುಡಿಯುವ ಇಂಜಿನಿಯರ್. ನಾಲ್ಕನೆಯವರು ಪಕ್ಕದ ಹಳ್ಳಿಯ ಶಾಲೆಯ ಟೀಚರ್.

ಡಿಸೆಂಬರ್

ವಾರ ವಾರ ಪಟ್ಟಿ ಬಂದರೆ ಏನಾಗುತ್ತದೆ ಅಂತ ಡಿಸೆಂಬರ್‌ನಲ್ಲಿ ಗೊತ್ತಾಯಿತು. ಯಜಮಾನರು ಮೊದಲನೇ ಸ್ಥಾನದಲ್ಲಿದ್ದರು. ಅವರನ್ನು ಹಿಡಿಯಬೇಕು ಅಂತ ಬ್ಯಾಂಕಿನ ಹುಡುಗ ಕೆಲಸ ಮುಗಿಸಿ ರಾತ್ರಿ ಎಂಟಕ್ಕೆ ಸೈಕಲ್ ಹತ್ತಲು ಶುರು ಮಾಡಿದ. ಅದೂ ಹೊಸಪೇಟೆ ರಸ್ತೆಯಲ್ಲಿ. ರಸ್ತೆ ಅಗಲ ಇದೆ, ಬೇಗ ಕಿಲೋಮೀಟರ್ ಆಗುತ್ತದೆ ಅಂತ. ಅದುವರೆಗೆ ತಿಂಗಳಿಗೆ ಸುಮಾರು 600 ಹೊಡೆಯುತ್ತಿದ್ದವನು ಆ ತಿಂಗಳು 1,400 ದಾಟಿದ. ಸೀಟು ಒಂದಿಷ್ಟು ಕೆಳಗಿತ್ತು, ಅದನ್ನು ಸರಿ ಮಾಡಿಕೊಳ್ಳುವಷ್ಟೂ ಪುರುಸೊತ್ತಿರಲಿಲ್ಲ. ಮೊಣಕಾಲಿನ ಚಿಪ್ಪಿನ ಮುಂಭಾಗ ನೋಯಲು ಶುರುವಾಯಿತು. ನೋವಿನ ಮಾತ್ರೆ ನುಂಗಿ ಮತ್ತೆ ಹತ್ತಿದ. ಜನವರಿಯಲ್ಲಿ ಡಾಕ್ಟರ್ ಆರು ವಾರ ಸೈಕಲ್ ಮುಟ್ಟಬೇಡ ಅಂದರು. ಪಟ್ಟಿ ಹಾಕುತ್ತಿದ್ದ ನಾನು ಇದನ್ನೆಲ್ಲ ನೋಡುತ್ತಿದ್ದೆ. "ಸೂಪರ್ ಬ್ರೋ" ಅಂತ ಹಾಕಿದ್ದೂ ನಾನೇ.

ಅದೇ ತಿಂಗಳ ಎರಡನೇ ಭಾನುವಾರ ಏಳು ಜನ ಕುರುಗೋಡಿಗೆ ಹೋದೆವು. ದೊಡ್ಡಬಸವೇಶ್ವರ ಗುಡಿಯ ಹತ್ತಿರ ಚಹಾ ಕುಡಿದು ವಾಪಸ್ಸು ಬಂದೆವು. ಎಲ್ಲರೂ ಜೊತೆಗೇ ಹೋಗಿ ಜೊತೆಗೇ ಬಂದದ್ದು. ಊರು ಸೇರಿದ ಮೇಲೆ ಇಂಜಿನಿಯರ್ ಸುಮ್ನೆ ಎಲ್ಲರ ಅಂಕಿ ಕೇಳಿದರು. ಫೋನುಗಳಲ್ಲಿ 56.1, 56.4, 56.2. ಯಜಮಾನರ ಸೈಕಲ್‌ಗೆ ಕಟ್ಟಿದ ಮೀಟರ್‌ನಲ್ಲಿ 62.7.

"ನಿಮ್ಮ ಫೋನು ಉಪಗ್ರಹ ನೋಡತಾವ, ನಂದು ನೆಲ ನೋಡತದ," ಅಂದರು ಯಜಮಾನರು. ಎಲ್ಲರೂ ನಕ್ಕೆವು. ಮಾತು ಅಲ್ಲಿಗೆ ಮುಗಿಯಿತು. ನನಗೆ ಮಾತ್ರ ಮುಗಿಯಲಿಲ್ಲ.

ಅವರ ಮಾತಿನಲ್ಲಿ ಅರ್ಧ ನಿಜ ಇದೆ. ಫೋನ್ ಕೆಲವು ಸೆಕೆಂಡಿಗೊಂದು ಚುಕ್ಕಿ ಇಟ್ಟು ಚುಕ್ಕಿಗಳ ನಡುವೆ ಗೆರೆ ಎಳೆಯುತ್ತದೆ. ತಿರುವಿನಲ್ಲಿ ಒಂದಿಷ್ಟು ಕತ್ತರಿಸಿ ಹೋಗುತ್ತದೆ, ಹಾಗಾಗಿ ಸ್ವಲ್ಪ ಕಡಿಮೆ ತೋರಿಸಬಹುದು. ಆದರೆ ಕುರುಗೋಡು ರಸ್ತೆಯಲ್ಲಿ ಅಂಥ ತಿರುವುಗಳೆಲ್ಲಿವೆ? ಆರೂವರೆ ಕಿಲೋಮೀಟರ್ ವ್ಯತ್ಯಾಸ ತಿರುವಿನಿಂದ ಬರುವಂಥದ್ದಲ್ಲ. ನೆಲ ನೋಡುವ ಮೀಟರ್‌ಗೆ ಅದರದೇ ಆದ ಒಂದು ಕುರುಡುತನ ಇದೆ. ಮುಂದಿನ ಗಾಲಿಯ ಕಡ್ಡಿಗೆ ಒಂದು ಪುಟ್ಟ ಅಯಸ್ಕಾಂತ, ಫೋರ್ಕಿಗೆ ಒಂದು ಸೆನ್ಸರ್. ಗಾಲಿ ಒಂದು ಸುತ್ತು ತಿರುಗಿದರೆ ಒಂದು ಎಣಿಕೆ. ಆ ಎಣಿಕೆಯನ್ನು ಗಾಲಿಯ ಸುತ್ತಳತೆಯಿಂದ ಗುಣಿಸಿ ದೂರ ತೋರಿಸುತ್ತದೆ. ಸುತ್ತಳತೆ ಎಷ್ಟು ಅಂತ ನಾವೇ ಹೇಳಬೇಕು. ತಪ್ಪು ಹೇಳಿದರೆ ಅಷ್ಟೇ ನಿಷ್ಠೆಯಿಂದ ತಪ್ಪು ಲೆಕ್ಕ ಕೊಡುತ್ತದೆ.

ಯಜಮಾನರು ಏಪ್ರಿಲ್ ಕೊನೆಯವರೆಗೆ 29 ಇಂಚಿನ ಗಾಲಿಯ ಸೈಕಲ್ ಓಡಿಸುತ್ತಿದ್ದರು. ಕಾಲೆತ್ತಿ ಹತ್ತುವುದು ಕಷ್ಟ ಅಂತ ಅದನ್ನು ಮಾರಿ, ಮೇ ಮೊದಲ ವಾರ 26 ಇಂಚಿನದು ತಗೊಂಡರು. ಹಳೇ ಮೀಟರ್ ಚೆನ್ನಾಗಿಯೇ ಇತ್ತು, ಅದನ್ನೇ ಬಿಚ್ಚಿ ಹೊಸದಕ್ಕೆ ಕಟ್ಟಿದರು. ಒಳಗಿನ ಸುತ್ತಳತೆ ಬದಲಿಸಲಿಲ್ಲ. ಮೀಟರ್ ಕಂಪನಿಗಳು ಕೊಡುವ ಪಟ್ಟಿಯ ಪ್ರಕಾರ 29 ಇಂಚಿನ, 2.1 ಇಂಚು ಅಗಲದ ಟೈರಿಗೆ ಸುತ್ತಳತೆ 2,288 ಮಿಲಿಮೀಟರ್, 26 ಇಂಚಿನ, 1.95 ಇಂಚು ಅಗಲದ ಟೈರಿಗೆ 2,050. ಅಂದರೆ ಅವರು 56 ಕಿಲೋಮೀಟರ್ ಓಡಿಸಿದರೆ ಮೀಟರ್ 62ರ ಮೇಲೆ ತೋರಿಸುತ್ತದೆ. ನಮ್ಮ ಭಾನುವಾರದ ಅಂಕಿಗೆ ಇದು ಸರಿಯಾಗಿ ಕೂತಿತು.

ಎಂಟು ತಿಂಗಳು ಇದು ಯಾರ ಕಣ್ಣಿಗೂ ಬೀಳಲಿಲ್ಲ ಅನ್ನುವುದು ಈಗ ಆಶ್ಚರ್ಯ ಅನಿಸುತ್ತದೆ. ಸುಳಿವು ಇಲ್ಲದೇ ಇರಲಿಲ್ಲ. ಸಣ್ಣ ಗಾಲಿಯ, ತೂಕದ ಸೈಕಲ್‌ಗೆ ಬಂದ ಮೇಲೆ ಅವರ ಸರಾಸರಿ ವೇಗ ಗಂಟೆಗೆ 21ರಿಂದ 24ಕ್ಕೆ ಏರಿತ್ತು. "ಈ ವಯಸ್ಸಿನಲ್ಲಿ ಎಂಥ ಸ್ಟ್ಯಾಮಿನಾ" ಅಂತ ಹೊಗಳಿದ್ದೆವೇ ಹೊರತು, ಇದು ಹೇಗೆ ಅಂತ ಒಬ್ಬರೂ ಕೇಳಲಿಲ್ಲ. ಹೊಗಳುವಾಗ ಯಾರು ಲೆಕ್ಕ ಕೇಳುತ್ತಾರೆ, ಅಲ್ವಾ?

ನಾನು ಮಾಡಿದ ಎಡವಟ್ಟು

ಡಿಸೆಂಬರ್ 31ರ ರಾತ್ರಿ ಎಲ್ಲರ ಕೊನೆಯ ಅಂಕಿ ಬಂತು. ಯಜಮಾನರದು 8,412, ಬ್ಯಾಂಕಿನ ಹುಡುಗನದು 8,137, ಇಂಜಿನಿಯರದು 7,960. ಟೀಚರ್ 1,842ರೊಂದಿಗೆ ಒಂಬತ್ತನೆಯವರು.

ನನ್ನ ಮುಂದೆ ಮೂರು ದಾರಿಗಳಿದ್ದವು. ಬಂದ ಹಾಗೆ ಹಾಕಿ ಸುಮ್ಮನಿರುವುದು. ಯಜಮಾನರಿಗೆ ಫೋನ್ ಮಾಡಿ ಮೊದಲು ಹೇಳುವುದು. ಇಲ್ಲಾ ಸರಿಪಡಿಸಿ ಹಾಕುವುದು. ಮೂರನೆಯದನ್ನು ಆರಿಸಿಕೊಂಡೆ. ಏಪ್ರಿಲ್ ಕೊನೆಗೆ ಅವರು ಕಳಿಸಿದ್ದ ಅಂಕಿ 2,604, ಅದು ಸರಿ. ಉಳಿದ 5,808ನ್ನು 2,288ರಿಂದ ಭಾಗಿಸಿ 2,050ರಿಂದ ಗುಣಿಸಿದರೆ 5,204. ಒಟ್ಟು 7,808. ಅಂದರೆ 604 ಕಿಲೋಮೀಟರ್ ಕಡಿಮೆ. ಮೊದಲನೆಯವರು ಮೂರನೆಯವರಾದರು. ಪಟ್ಟಿಯ ಕೆಳಗೆ "ಮೀಟರ್ ಸೆಟ್ಟಿಂಗ್ ತಪ್ಪಿದ್ದರಿಂದ ತಿದ್ದಲಾಗಿದೆ" ಅಂತ ಒಂದು ಸಾಲು ಬರೆದು ರಾತ್ರಿ ಹನ್ನೊಂದೂವರೆಗೆ ಗುಂಪಿಗೆ ಹಾಕಿದೆ. ಹೊಸ ವರ್ಷದ ಶುಭಾಶಯವನ್ನೂ ಅದರ ಜೊತೆಗೇ ಸೇರಿಸಿದ್ದೆ, ಆ ಬುದ್ಧಿವಂತಿಕೆಗೆ ಏನನ್ನಬೇಕೋ ಗೊತ್ತಿಲ್ಲ.

ಬೆಳಿಗ್ಗೆ ಎದ್ದು ನೋಡಿದರೆ ಯಜಮಾನರು ಗುಂಪು ಬಿಟ್ಟಿದ್ದರು. ಒಂದು ಮಾತಿಲ್ಲ. ಮೂರು ದಿನ ಬೆಳಗಿನ ಸವಾರಿಗೂ ಬರಲಿಲ್ಲ.

ಎಲ್ಲರ ಲೆಕ್ಕ ಬಿಚ್ಚಿದಾಗ

ಪ್ರಕರಣ ತಿರುಗಿದ್ದು ಟೀಚರ್ ಮಾತಿನಿಂದ. ಎರಡನೇ ತಾರೀಖು ಟಿಫಿನ್ ಹೊತ್ತಿನಲ್ಲಿ ಅವರು ಕೇಳಿದರು: "ಅವರದು ಒಬ್ಬರದೇ ಯಾಕ ತಿದ್ದಿದ್ರಿ? ಉಳಿದೋರದು ಸರಿ ಐತಿ ಅಂತ ನಿಮಗ ಹೆಂಗ ಗೊತ್ತು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಯಜಮಾನರ ತಪ್ಪು ಕಣ್ಣಿಗೆ ಬಿತ್ತು, ಅದಕ್ಕೆ ತಿದ್ದಿದೆ. ಬೇರೆಯವರದನ್ನು ನೋಡಿಯೇ ಇರಲಿಲ್ಲ. ಅವತ್ತು ಸಂಜೆ ಎಲ್ಲರ ವರ್ಷದ ವಿವರ ತರಿಸಿಕೊಂಡು ಕೂತೆ. ಎರಡು ರಾತ್ರಿ ಹಿಡಿಯಿತು.

ಬ್ಯಾಂಕಿನ ಹುಡುಗ ನವೆಂಬರ್‌ನಲ್ಲಿ ಹೊಸ ವಾಚ್ ತಗೊಂಡಿದ್ದ. ವಾಚು, ಫೋನು ಎರಡನ್ನೂ ಚಾಲೂ ಮಾಡಿಕೊಂಡು ಹೋಗುತ್ತಿದ್ದ. ಎರಡೂ ದೂರ ಅಳೆಯುವ ಆಪ್‌ನ ಒಂದೇ ಖಾತೆಗೆ ಸೇರುತ್ತಿದ್ದವು. ಒಂದೇ ದಿನ, ಒಂದೇ ಹೊತ್ತಿಗೆ ಶುರುವಾದ ಎರಡು ಸವಾರಿಗಳು, ದೂರದಲ್ಲಿ ಮುನ್ನೂರು ನಾನೂರು ಮೀಟರ್ ವ್ಯತ್ಯಾಸ. ಇಂಥವು ಏಳು ಸಿಕ್ಕವು, ಒಟ್ಟು 412 ಕಿಲೋಮೀಟರ್. ಅವನಿಗೂ ಗೊತ್ತಿರಲಿಲ್ಲ. ತೆಗೆದರೆ 7,725 ಉಳಿಯಿತು. ಅಂದರೆ ನಾನು ಮೂರನೇ ಸ್ಥಾನಕ್ಕೆ ಇಳಿಸಿದ್ದ ಯಜಮಾನರು ಅವನಿಗಿಂತ ಮುಂದೆಯೇ ಇದ್ದರು.

ಇಂಜಿನಿಯರ್‌ರ 7,960ರಲ್ಲಿ 1,940 ಮನೆಯೊಳಗೆ ಟ್ರೈನರ್ ಮೇಲೆ, ಅಂದರೆ ಸೈಕಲ್ ನಿಂತಲ್ಲೇ ತುಳಿಯುವ ಯಂತ್ರದ ಮೇಲೆ ಓಡಿಸಿದ್ದು. ಅಲ್ಲಿ ದೂರ ಅಂದರೆ ಕಾಲಿನ ಬಲ ನೋಡಿ ಯಂತ್ರ ಹಾಕುವ ಅಂದಾಜು. ಅವರ ವಾದಕ್ಕೂ ಅರ್ಥ ಇತ್ತು. ರಾತ್ರಿ ಪಾಳಿ ಮುಗಿಸಿ ಬಂದು ನಿದ್ದೆ ಮಾಡಿ ಎದ್ದರೆ ಹೊರಗೆ ಏಪ್ರಿಲ್ ಬಿಸಿಲು 40 ಡಿಗ್ರಿ ದಾಟಿರುತ್ತದೆ, ರಸ್ತೆಗೆ ಇಳಿಯುವುದು ಹೇಗೆ? "ಬೆವರು ನಿಜ, ರಸ್ತೆ ಸುಳ್ಳು," ಅಂತ ಗುಂಪಿನಲ್ಲಿ ಒಬ್ಬರು ತಮಾಷೆ ಮಾಡಿದರು. ಬಹಳ ಜಗ್ಗಾಡಿ, ಟ್ರೈನರ್‌ಗೆ ಬೇರೆ ಕಾಲಂ ಅಂತ ಒಪ್ಪಿಕೊಂಡೆವು.

ನನ್ನದೇ ನಗೆಪಾಟಲು. ನನ್ನ ಫೋನು ಬ್ಯಾಟರಿ ಉಳಿಸಲು ಆಪ್‌ನ್ನು ಮಧ್ಯದಲ್ಲೇ ಮಲಗಿಸುತ್ತಿತ್ತು. ಎದ್ದ ಮೇಲೆ ಮಲಗಿದ ಜಾಗದಿಂದ ಎದ್ದ ಜಾಗಕ್ಕೆ ನೇರ ಗೆರೆ. ನಕ್ಷೆ ನೋಡಿದರೆ ನಾನು ಗದ್ದೆ, ಕಾಲುವೆ ಎಲ್ಲದರ ಮೇಲೂ ಹಾರಿಕೊಂಡು ಹೋಗಿದ್ದೇನೆ. ಇನ್ನೊಂದು ಕಡೆ, ಟಿಫಿನ್‌ಗೆ ನಿಂತ ನಲವತ್ತು ನಿಮಿಷದಲ್ಲಿ ಜಿಪಿಎಸ್ ಚುಕ್ಕಿ ಅಲ್ಲಲ್ಲೇ ಕುಣಿದು, ಕುರ್ಚಿಯಲ್ಲಿ ಕೂತವನಿಗೆ 700 ಮೀಟರ್ ಸೇರಿಸಿದೆ. ಯಾವುದು ಎಷ್ಟು ಅಂತ ಬಿಡಿಸಲಾಗದೆ ನನ್ನ 4,310ನ್ನು ಹಾಗೇ ಬಿಟ್ಟೆ.

ಟೀಚರ್ ಲೆಕ್ಕವೇ ಬೇರೆ. ಅವರ 1,842 ಬರೀ 34 ಭಾನುವಾರಗಳದು. ದಿನವೂ ಶಾಲೆಗೆ ಹೋಗುವುದೂ ಸೈಕಲ್ ಮೇಲೆಯೇ, ಹೋಗಿ ಬರಲು 18 ಕಿಲೋಮೀಟರ್. ಅದನ್ನು ಅವರು ಯಾವತ್ತೂ ಕಳಿಸಿರಲಿಲ್ಲ, ನಾವೂ ಕೇಳಿರಲಿಲ್ಲ. "ಕೆಲಸಕ್ಕೆ ಹೋಗೋದು ರೈಡ್ ಹೆಂಗಾಗುತ್ತೆ" ಅಂತ ಒಬ್ಬರು ತಕರಾರು ತೆಗೆದರು. "ವಗ್ಗಾಣಿ ತಿನ್ನಾಕ ಹೋಗೋದು ರೈಡ್ ಅಂದಮ್ಯಾಲ ಪಾಠ ಹೇಳಾಕ ಹೋಗೋದು ಯಾಕ ಆಗಂಗಿಲ್ರಿ?" ಅಂದರು ಟೀಚರ್. ಆಮೇಲೆ ಯಾರೂ ಬಾಯಿ ತೆರೆಯಲಿಲ್ಲ.

ಆದರೆ ದಾಖಲೆ? ಅವರ ಹತ್ತಿರ ಆಪ್ ಇಲ್ಲ, ಮೀಟರ್ ಇಲ್ಲ. ಇದ್ದದ್ದು ಶಾಲೆಯ ಹಾಜರಿ. ವರ್ಷದಲ್ಲಿ 212 ದಿನ ಸಹಿ ಮಾಡಿದ್ದರು. ಮಳೆ, ಜ್ವರ ಅಂತ ಬಸ್ಸಿನಲ್ಲಿ ಹೋದ 14 ದಿನಗಳನ್ನು ಅವರೇ ಕಳೆದರು. 198 ದಿನ, 18 ಕಿಲೋಮೀಟರ್, 3,564. ಭಾನುವಾರ ಸೇರಿ 5,406. ಒಂಬತ್ತನೇ ಸ್ಥಾನದಿಂದ ಎಲ್ಲಿಗೋ ಹೋದರು. ನಮ್ಮ ಹನ್ನೊಂದು ಜನರ ದಾಖಲೆಗಳಲ್ಲಿ ನನಗೆ ಹೆಚ್ಚು ನಂಬಿಕೆ ಬಂದದ್ದು ಈ ಹಾಜರಿ ಲೆಕ್ಕದ ಮೇಲೆಯೇ.

ಮನೆಗೆ ಹೋದದ್ದು

ನಾಲ್ಕನೇ ತಾರೀಖು ಯಜಮಾನರ ಮನೆಗೆ ಹೋದೆ. ಫೋನ್ ಮಾಡಿ ಹೇಳಿದರೆ ಆಗುತ್ತಿತ್ತು, ಆದರೆ ಮೊದಲೇ ಮಾಡಬೇಕಿದ್ದ ಫೋನನ್ನು ಈಗ ಮಾಡುವುದು ಹೇಗೆ? "ಒಳಗ ಅದಾರ, ಬರ್ರಿ," ಅಂದರು ಅವರ ಮನೆಯವರು.

ಅವರು ಒಂದು ಉದ್ದನೆಯ ಲೆಕ್ಕದ ಪುಸ್ತಕ ತಂದು ಮುಂದಿಟ್ಟರು. ತಾರೀಖು, ದಾರಿ, ಹೊರಟಾಗ ಮೀಟರ್ ಎಷ್ಟು, ಬಂದಾಗ ಎಷ್ಟು, ಗಾಳಿ ಯಾವ ಕಡೆ. 226 ದಿನದ್ದು ದಿನಕ್ಕೊಂದು ಸಾಲು, ಒಂದೇ ಕೈಬರಹ.

"ನಾ ಸುಳ್ಳು ಬರದೀನಿ ಅಂತ ಹನ್ನೊಂದು ಮಂದಿ ಮುಂದ ಬರದಿಯಲ್ಲಪ್ಪಾ."

"ಸುಳ್ಳು ಅಂದಿಲ್ಲ ಸರ್. ಮೀಟರ್ ಸೆಟ್ಟಿಂಗ್ ಅಂತ..."

"ಮೀಟರ್ ಅಂತ ಯಾರು ಓದತಾರ? ಮೊದಲನೇ ಹೆಸರು ಮೂರಕ್ಕ ಇಳೀತು, ಅಷ್ಟ ಓದತಾರ. ಹಿಂದಿನ ದಿನ ಒಂದು ಫೋನ್ ಮಾಡಿದ್ದರ ನಾನ ಟೇಪ್ ಹಿಡಕೊಂಡು ಬರತಿದ್ದೆ."

ನಿಜ, ಬರುತ್ತಿದ್ದರು. ತಪ್ಪು ಸಿಕ್ಕರೆ ತಾನೇ ಖುಷಿಯಿಂದ ತಿದ್ದುವ ಮನುಷ್ಯ. ಅವರಿಂದ ಆ ಅವಕಾಶವನ್ನೇ ನಾನು ಕಸಿದುಕೊಂಡಿದ್ದೆ. ಕ್ಷಮೆ ಕೇಳಿದೆ. ಉಳಿದವರ ಲೆಕ್ಕದಲ್ಲಿ ಸಿಕ್ಕ ತಪ್ಪುಗಳನ್ನೂ ತೋರಿಸಿದೆ, ನನ್ನ ಹಾರಾಟದ ನಕ್ಷೆ ಸಮೇತ. ಅದನ್ನು ನೋಡಿ ಮೊದಲ ಸಲ ನಕ್ಕರು. ನಾನೇ ಮಾತಿಗೆ, ಅಮೆರಿಕದ ಅಮಾಂಡಾ ಕೋಕರ್ ಅನ್ನುವ ಹೆಣ್ಣುಮಗಳು 2016-17ರಲ್ಲಿ ಒಂದು ವರ್ಷಕ್ಕೆ 1,39,326 ಕಿಲೋಮೀಟರ್ ಓಡಿಸಿದ್ದನ್ನು ಹೇಳಿದೆ. ಅದಕ್ಕೂ ಮೊದಲು 1939ರಲ್ಲಿ ಇಂಗ್ಲೆಂಡಿನ ಟಾಮಿ ಗಾಡ್ವಿನ್ 75,065 ಮೈಲಿ ಓಡಿಸಿದ್ದರು. ಯಜಮಾನರು ಕೋಕರ್ ಅಂಕಿಯನ್ನು 365ರಿಂದ ಭಾಗಿಸಿದರು, ಕ್ಯಾಲ್ಕುಲೇಟರ್ ಇಲ್ಲದೆ. "ದಿನಕ್ಕ 381. ನಾ ವರ್ಷಪೂರ್ತಿ ತುಳಿದಿದ್ದು ಆಕೀಗೆ ಇಪ್ಪತ್ತು ದಿನದ್ದಪ್ಪಾ!"

ಮಾರನೇ ದಿನ ಬೆಳಿಗ್ಗೆ ಐದಕ್ಕೆ ಬಂದರು.

ಆಮೇಲೆ ಏನು ಮಾಡಿದೆವು

ವಾರದ ಪಟ್ಟಿ ನಿಲ್ಲಿಸಿದೆ. ಈಗ ಮೂರು ತಿಂಗಳಿಗೊಮ್ಮೆ ಮಾತ್ರ. ಡಿಸೆಂಬರ್‌ನಲ್ಲಿ ಇಷ್ಟೇ ಓಡಿಸಬೇಕು ಅಂತ ಮಿತಿ ಹಾಕಲೂ ನೋಡಿದೆವು, ಯಾರೂ ಒಪ್ಪಲಿಲ್ಲ, ಕೈಬಿಟ್ಟೆವು. ರಾತ್ರಿ ಹೊಸಪೇಟೆ ರಸ್ತೆಯಲ್ಲಿ ಮಾಡಿದ ಕಿಲೋಮೀಟರ್ ಎಣಿಸುವುದಿಲ್ಲ ಅನ್ನುವುದನ್ನು ಮಾತ್ರ ಎಲ್ಲರೂ ಒಪ್ಪಿದರು, ಬ್ಯಾಂಕಿನ ಹುಡುಗನೂ. ಯಾರದಾದರೂ ಅಂಕಿ ಅನುಮಾನ ಬಂದರೆ ಮೊದಲು ಅವರಿಗೇ ಫೋನ್. ತಿದ್ದಿದರೆ ಎಲ್ಲರದನ್ನೂ ಒಂದೇ ಸಲ ನೋಡಿ ತಿದ್ದಬೇಕು. ಇದು ನನಗೆ ನಾನೇ ಹಾಕಿಕೊಂಡ ಕಟ್ಟಳೆ.

ಒಟ್ಟು ದೂರದ ಪಕ್ಕದಲ್ಲಿ ಇನ್ನೆರಡು ಕಾಲಂ ಸೇರಿಸಿದೆವು. ಒಂದು, ವರ್ಷದಲ್ಲಿ ಎಷ್ಟು ದಿನ ಸೈಕಲ್ ಹತ್ತಿದಿರಿ. ಇನ್ನೊಂದು ಎಡಿಂಗ್ಟನ್ ಸಂಖ್ಯೆ. ಆರ್ಥರ್ ಎಡಿಂಗ್ಟನ್ ಖಗೋಳ ವಿಜ್ಞಾನಿ, 1919ರ ಗ್ರಹಣದ ಚಿತ್ರಗಳಿಂದ ಐನ್‌ಸ್ಟೈನರ ಸಿದ್ಧಾಂತವನ್ನು ಪರೀಕ್ಷಿಸಿದವರು. ಅವರಿಗೆ ಸೈಕಲ್ ಹುಚ್ಚು. ಅವರ ಲೆಕ್ಕ ಹೀಗೆ: ಕನಿಷ್ಠ 40 ಕಿಲೋಮೀಟರ್ ಓಡಿಸಿದ ದಿನಗಳು 40 ಇದ್ದರೆ ನಿಮ್ಮ ಸಂಖ್ಯೆ 40. ಅದು 41 ಆಗಬೇಕಾದರೆ 41 ದಿನ 41 ಕಿಲೋಮೀಟರ್ ಬೇಕು, 40ಕ್ಕೆ ನಿಲ್ಲಿಸಿದ ದಿನಗಳು ಲೆಕ್ಕಕ್ಕಿಲ್ಲ. ಒಂದು ದಿನ ಮುನ್ನೂರು ಹೊಡೆದು ಬೀಗುವಂತಿಲ್ಲ, ದಿನವೂ ಬಡಾವಣೆ ಸುತ್ತಿಯೂ ಆಗುವುದಿಲ್ಲ. ಎಡಿಂಗ್ಟನ್ ಮೈಲಿಯಲ್ಲಿ ಎಣಿಸುತ್ತಿದ್ದರು, ಜೀವಮಾನದ ಅವರ ಸಂಖ್ಯೆ 84.

ಹಳೇ ವರ್ಷದ್ದನ್ನೇ ಹಾಗೆ ಲೆಕ್ಕ ಹಾಕಿದರೆ ಬ್ಯಾಂಕಿನ ಹುಡುಗ 57, ಯಜಮಾನರು 44, ಟೀಚರ್ 34 ಭಾನುವಾರಕ್ಕೆ ಸರಿಯಾಗಿ 34. ಸೈಕಲ್ ಹತ್ತಿದ ದಿನ ಎಣಿಸಿದರೆ ಟೀಚರ್ 232, ಯಜಮಾನರು 226, ಹುಡುಗ 118. ಎಲ್ಲರಿಗೂ ಒಂದೊಂದು ಬಹುಮಾನ ಬರುವ ಶಾಲಾ ವಾರ್ಷಿಕೋತ್ಸವ ಆಯಿತು ಅಂತ ಇಂಜಿನಿಯರ್ ಗೊಣಗಿದರು. ಅವರಿಗೆ ಯಾವುದರಲ್ಲೂ ಮೊದಲನೇ ಸ್ಥಾನ ಬಂದಿರಲಿಲ್ಲ. ಅವರ ಗೊಣಗಾಟದಲ್ಲೂ ಹುರುಳಿದೆ. ಕಾಲಂ ಜಾಸ್ತಿ ಆದಷ್ಟೂ ಹೋಲಿಸುವ ಮಜಾ ಕಡಿಮೆ. ಆದರೆ ಮೊಣಕಾಲು ನೋವೂ ಕಡಿಮೆ, ನಾನು ಅದಕ್ಕೆ ಒಪ್ಪಿದೆ.

ಯಜಮಾನರಿಗೆ ಮಾತ್ರ ಒಂದು ಸಮಾಧಾನ ಆಗಿರಲಿಲ್ಲ. ಕಂಪನಿ ಪಟ್ಟಿಯ 2,050ನ್ನು ನಾನು ನಂಬಿದ್ದು ಯಾಕೆ ಅಂತ. ಜನವರಿ ಮೂರನೇ ಭಾನುವಾರ ಮೈದಾನದ ಪಕ್ಕದ ಸಿಮೆಂಟ್ ರಸ್ತೆಗೆ ಎಲ್ಲರನ್ನೂ ಕರೆದರು. ಟೈರಿಗೆ ದಿನದ ಹಾಗೆಯೇ ಗಾಳಿ ಹೊಡೆದು, ವಾಲ್ವ್ ನೆಲಕ್ಕೆ ನೇರ ಬರುವ ಕಡೆ ಚಾಕ್‌ಪೀಸಿನಿಂದ ಗೆರೆ ಎಳೆದರು. ಅವರು ಸೀಟಿನ ಮೇಲೆ ಕೂತರು, ನಾನೂ ಹುಡುಗನೂ ಎರಡೂ ಕಡೆ ಹಿಡಿದುಕೊಂಡು ನೇರವಾಗಿ ತಳ್ಳಿದೆವು. ಐದು ಸುತ್ತು ಆದ ಮೇಲೆ ಇನ್ನೊಂದು ಗೆರೆ. ಟೇಪ್ ಹಿಡಿದು ಅಳೆದು ಐದರಿಂದ ಭಾಗಿಸಿದರೆ 2,038. ಮೇಲೆ ಮನುಷ್ಯ ಕೂತರೆ ಟೈರು ಚೂರು ಕುಸಿಯುತ್ತದೆ, ಗಾಲಿ ಅಷ್ಟು ಸಣ್ಣದಾಗುತ್ತದೆ. ಅವರು ಅಲ್ಲೇ ನಿಂತು ಮತ್ತೆ ಗುಣಿಸಿದರು. 7,808 ಅಲ್ಲ, 7,777.

"ಇನ್ನೂ ಮೂವತ್ತೊಂದು ಹೋತಲ್ಲೋ," ಅಂದರು. ಮುಖದಲ್ಲಿ ಸಂತೋಷವೇ ಕಾಣುತ್ತಿತ್ತು. ಪುಸ್ತಕ ತೆಗೆದು ಕೆಂಪು ಶಾಯಿಯಲ್ಲಿ ತಿದ್ದಿದರು.

ಆಮೇಲೆ ಪೆನ್ನು ಹಾಗೇ ಹಿಡಿದು ನಿಂತರು. "ಏಪ್ರಿಲ್ ತನಕದ 2,604 ಸರಿ ಐತಿ ಅಂತ ಯಾರು ಅಂದ್ರು? ಅದನ್ನೂ ಅಂಗಡಿಯವರು ಪಟ್ಟಿ ನೋಡೇ ಹಾಕಿದ್ದು."

"ಆ ಸೈಕಲ್ ಮಾರಿಬಿಟ್ಟಿರಲ್ಲ ಸರ್, ಈಗ ಎಲ್ಲಿಂದ ಅಳೀಲಿ?"

"ತಗೊಂಡವರು ಸಿರುಗುಪ್ಪದಾಗ ಅದಾರ. ಬರೋ ಭಾನುವಾರ ಹೋಗೋಣ, ಟೇಪ್ ಮರೀಬ್ಯಾಡ. ಹೋಗಿ ಬಂದರ ನೂರ ಹತ್ತು ಆಗತದ, ಈ ವರ್ಷದ್ದಕ್ಕ ಹಾಕ್ಕೋ."